ಯಂತ್ರಭಾಷಾಂತರವೂ ವಕ್ತೃವಿನ ಹೊಣೆಯೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ ಇರುವ ಬೇಗೂರು ಬಹು ಪ್ರಾಚೀನವಾದ ಊರು. ಗಂಗರ ಕಾಲದಲ್ಲಿ ಇದಕ್ಕೆ ಬೆಂಪೂರೆಂದು ಹೆಸರು. ಇಲ್ಲಿಯ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ. ಶ. 9ನೆಯ ಶತಮಾನದ ಕೊನೆಯ ಭಾಗದ್ದೆಂದು ವಿದ್ವಾಂಸರು ಎಣಿಸಿರುವ ಒಂದು ಶಿಲಾಶಾಸನವು, ಬೆಂಗಳೂರೆಂಬ ಹೆಸರನ್ನು ಹೇಳುವುದರಿಂದ ಲೋಕಪ್ರಸಿದ್ಧವಾಗಿದೆ. ಆ ಶಾಸನದ ವಿಷಯವಾದರೋ ಒಂದು ಮರಣವಾರ್ತೆ. ಬೆಂಗಳೂರಿನ ಕಾಳೆಗದಲ್ಲಿ ನಾಗತ್ತರನ ಕಡೆಯವರಿಗೆ ಒದಗಿದ ಸಾವನ್ನು ಅದು ತಿಳಿಸುತ್ತದೆ. ಇದೇ ಊರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ದೊಡ್ಡ ವೀರಗಲ್ಲು ಸಹ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಸುದ್ದಿಯನ್ನೇ ಹೊತ್ತಿದೆ. ಸತ್ತವನಾರು, ಕಾದಲು ಕಳುಹಿಸಿದವನಾರು, ಬದುಕಿ ಉಳಿದು ಹಳ್ಳಿಗಳನ್ನು ಪಡೆದವನಾರು ಎಂಬಲ್ಲಿ ಓದುವವನಿಗೆ ಸಂಶಯ ಬರಬಾರದೆಂಬ ಎಚ್ಚರವು ಆ ಕಲ್ಲನ್ನು ಬರೆಯಿಸಿದವರಿಗೆ ಇದ್ದಿತು.

ಈ ಎಚ್ಚರವು ಹೊಸ ಸಾಧನಗಳಲ್ಲಿ ಹೇಗೆ ಸಡಿಲಿತೆಂಬುದಕ್ಕೆ 2025ರ ಜುಲೈ ತಿಂಗಳಲ್ಲಿ ಒಂದು ನಿದರ್ಶನ ದೊರೆಯಿತು. ಆ ತಿಂಗಳ 14ರಂದು ಚಲನಚಿತ್ರ ನಟಿ ಬಿ. ಸರೋಜಾದೇವಿಯವರು ತಮ್ಮ 87ನೆಯ ವಯಸ್ಸಿನಲ್ಲಿ ಕಾಲವಶರಾದರು. 1955ರ ‘ಮಹಾಕವಿ ಕಾಳಿದಾಸ’ ಚಿತ್ರದಿಂದ ಕನ್ನಡಿಗರಿಗೆ ಪರಿಚಿತರಾಗಿ, ಮುಂದೆ ತಮಿಳು, ತೆಲುಗು, ಹಿಂದಿಗಳಲ್ಲಿಯೂ ಹೆಸರು ಪಡೆದ ಅವರಿಗೆ ಅಂದಿನ ಮುಖ್ಯಮಂತ್ರಿಗಳಾದ ಸಿದ್ದರಾಮಯ್ಯನವರು ಅಂತಿಮ ನಮನ ಸಲ್ಲಿಸಿದರು. ಮುಖ್ಯಮಂತ್ರಿಗಳ ಕಾರ್ಯಾಲಯವು ಆ ಸಂಗತಿಯನ್ನು ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಪ್ರಕಟಿಸಿತು. ಫೇಸ್‌ಬುಕ್ಕನ್ನೂ ಇನ್‌ಸ್ಟಾಗ್ರಾಮನ್ನೂ ನಡೆಯಿಸುವ ಮೆಟಾ ಕಂಪನಿಯ ಯಂತ್ರವು, ಯಾರ ಅಪ್ಪಣೆಯನ್ನೂ ಬೇಡದೆ ಆ ಪ್ರಕಟಣೆಯನ್ನು ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ನಿನ್ನೆ ನಿಧನರಾದರೆಂದು ಓದುವಂತೆ ಮಾಡಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರಾದ ಕೆ. ವಿ. ಪ್ರಭಾಕರರು ಕಂಪನಿಗೆ ಪತ್ರ ಬರೆದು, ಭಾಷಾಂತರವು ನಂಬಿಕೆಗೆ ಅರ್ಹವಾಗುವವರೆಗೆ ಕನ್ನಡದ ಮಟ್ಟಿಗೆ ಈ ಸೌಕರ್ಯವನ್ನು ನಿಲ್ಲಿಸಬೇಕೆಂದೂ, ಕನ್ನಡ ಬಲ್ಲ ತಜ್ಞರ ನೆರವನ್ನು ಪಡೆಯಬೇಕೆಂದೂ ಕೇಳಿದರು. ಸರಕಾರದ ಪ್ರಕಟಣೆಗಳಲ್ಲಿ ಇಂತಹ ತಪ್ಪು ವಿಶೇಷವಾಗಿ ಅಪಾಯಕರವೆಂದು ಮುಖ್ಯಮಂತ್ರಿಗಳು ತಾವೇ ಹೇಳಿದರು. ಒಂದೆರಡು ದಿನಗಳಲ್ಲಿ ಕಂಪನಿಯು ದೋಷವನ್ನು ಸರಿಪಡಿಸಿರುವುದಾಗಿ ತಿಳಿಸಿ ಕ್ಷಮೆ ಕೇಳಿತು.

ಇಷ್ಟಕ್ಕೆ ವಾದವಿವಾದಗಳು ನಿಲ್ಲಲಿಲ್ಲ. ಕೆಲವರು ನಕ್ಕರು, ಕೆಲವರು ಕನಲಿದರು, ವಿದೇಶದ ಕಂಪನಿಗಳ ಸೊಕ್ಕನ್ನು ಅಡಗಿಸಬೇಕೆಂದು ಕೆಲವರೂ, ಇದರಲ್ಲಿ ರಾಜಕೀಯ ಬೆರೆಸಬಾರದೆಂದು ಕೆಲವರೂ ಹೇಳಿದರು. ಆದರೆ ಈ ಎಲ್ಲ ಗದ್ದಲದಲ್ಲಿ ಒಂದು ಕೆಲಸವನ್ನು ಮಾಡಿದವರು ವಿರಳ: ಆ ವಾಕ್ಯವನ್ನು ಓದುವ ಕೆಲಸವನ್ನು. ಸಾಹಿತ್ಯ ಪತ್ರಿಕೆಯೊಂದರಲ್ಲಿ ಈ ವಿಷಯಕ್ಕೆ ಎಡೆಯಿರುವುದಾದರೆ ಅದು ಈ ಕಾರಣದಿಂದಲೇ. ಒಂದು ಭಾಷಾಂತರವು ಕೆಟ್ಟುದೆಂದು ಹೇಳಿದ ಮೇಲೆ, ಅದು ಎಲ್ಲಿ ಕೆಟ್ಟಿತು, ಏತಕ್ಕೆ ಕೆಟ್ಟಿತು ಎಂಬುದನ್ನು ತೋರಿಸದೆ ಹೋದರೆ ಅದು ವಿಮರ್ಶೆಯಾಗುವುದಿಲ್ಲ, ಬೈಗುಳಾಗುತ್ತದೆ.

ವಾಕ್ಯದ ಸ್ವರೂಪವು ಹೀಗಿದ್ದಿತು. ಮೊದಲಿಗೆ ಮುಖ್ಯಮಂತ್ರಿಗಳ ಹೆಸರು. ಅದರ ಬೆನ್ನಿಗೇ ‘ನಿನ್ನೆ ನಿಧನರಾದ’ ಎಂಬ ಪದಗಳು. ಅನಂತರ ಬಹುಭಾಷಾ ತಾರೆ, ಹಿರಿಯ ನಟಿ ಎಂಬ ವಿಶೇಷಣಗಳೊಡನೆ ಸರೋಜಾದೇವಿಯವರ ಹೆಸರು. ಕಡೆಯಲ್ಲಿ ದರ್ಶನ ಪಡೆದು ನಮನ ಸಲ್ಲಿಸಿದ ಕ್ರಿಯೆ. ಕನ್ನಡವನ್ನು ಮನೆಮಾತಾಗಿ ಉಳ್ಳವನಿಗೆ ಇದರಲ್ಲಿ ತೊಡಕೇನೂ ಇಲ್ಲ. ‘ಹುಡುಗನು ನಿನ್ನೆ ಸತ್ತ ಹಸುವಿಗಾಗಿ ಅತ್ತನು’ ಎಂದರೆ ಸತ್ತುದು ಹಸು, ಅತ್ತವನು ಹುಡುಗ ಎಂಬುದು ಬೇಗೂರಿನ ಕೆರೆಯ ದಡದಲ್ಲಿ ದನ ಕಾಯುತ್ತಿದ್ದ ಅಕ್ಷರವರಿಯದ ಮುದುಕನಿಗೂ ತಿಳಿಯತಕ್ಕ ಸಂಗತಿ. ಆದರೆ ‘ಹುಡುಗ ತಿಂದ ಹಣ್ಣು ಸಿಹಿಯಾಗಿತ್ತು’ ಎಂಬ ಇನ್ನೊಂದು ವಾಕ್ಯವನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ ಪ್ರಥಮಾ ವಿಭಕ್ತಿಯ ನಾಮಪದವು ಮೊದಲು ಬಂದಿದೆ. ಎರಡರಲ್ಲಿಯೂ ಅದರ ಹಿಂದೆ ಕೃದಂತ ವಿಶೇಷಣವಿದೆ. ಆದರೂ ಎರಡನೆಯದರಲ್ಲಿ ತಿಂದವನು ಹುಡುಗನೇ. ಮೊದಲನೆಯದರಲ್ಲಿ ಸತ್ತವನು ಹುಡುಗನಲ್ಲ. ಕನ್ನಡದ ಕೃದಂತ ವಿಶೇಷಣವು ಮುಂದಣ ನಾಮಪದದ ಕಡೆಗೆ ಮುಖ ಮಾಡಿ ನಿಲ್ಲುವುದು. ಹಿಂದಣ ಪದವನ್ನು ಅದು ಕರ್ತೃವಾಗಿ ಸ್ವೀಕರಿಸುವುದೋ ಇಲ್ಲವೋ ಎಂಬುದು ಧಾತುವಿನ ಅರ್ಥವನ್ನೂ ವಾಕ್ಯದ ಉಳಿದ ಭಾಗವನ್ನೂ ನೋಡಿ ನಿರ್ಣಯವಾಗತಕ್ಕದ್ದು. ‘ತಿನ್ನು’ ಎಂಬುದಕ್ಕೆ ತಿನ್ನುವವನೂ ಬೇಕು, ತಿನ್ನಲ್ಪಡುವುದೂ ಬೇಕು, ಇಬ್ಬರಿಗೂ ಸ್ಥಳವಿದೆ. ‘ಸಾಯು’ ಎಂಬುದಕ್ಕೆ ಒಬ್ಬನೇ ಸಾಕು. ಆ ಒಂದು ಸ್ಥಳವನ್ನು ಮುಂದಣ ಪದವು ಆಕ್ರಮಿಸಿದ ಮೇಲೆ ಹಿಂದಣವನು ಬದುಕಿಕೊಳ್ಳುತ್ತಾನೆ.

ಯಂತ್ರದ ಒಡಲಲ್ಲಿ ನಡೆದುದನ್ನು ಹೊರಗಿನವರು ಕಾಣುವಂತಿಲ್ಲ. ಆದರೆ ಫಲದಿಂದ ಕಾರಣವನ್ನು ಅನುಮಾನಿಸುವುದು ಸಾಧ್ಯ. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಕಾರರು ಎಣಿಸಿರುವರು. ಪದಗಳು ಒಂದನ್ನೊಂದು ಬಯಸುವುದು ಆಕಾಂಕ್ಷೆ. ಅವುಗಳ ಅರ್ಥಗಳು ಒಂದಕ್ಕೊಂದು ಕೂಡುವಂತಿರುವುದು ಯೋಗ್ಯತೆ. ಒತ್ತಾಗಿ ಉಚ್ಚರಿತವಾಗುವುದು ಸನ್ನಿಧಿ. ಮೆಟಾ ಕಂಪನಿಯ ಯಂತ್ರವು ಇವುಗಳಲ್ಲಿ ಸನ್ನಿಧಿಯೊಂದನ್ನೇ ಹಿಡಿದಂತೆ ತೋರುತ್ತದೆ. ಮುಖ್ಯಮಂತ್ರಿಗಳ ಹೆಸರು, ಅದರ ಪಕ್ಕದಲ್ಲಿ ಸಾವಿನ ಮಾತು, ಇಂಗ್ಲಿಷಿನಲ್ಲಿ ಕರ್ತೃವಿನ ಪಕ್ಕದಲ್ಲಿಯೇ ಕ್ರಿಯಾಪದ ಬರುವುದು ರೂಢಿ, ಎರಡನ್ನೂ ಕೂಡಿಸಿಬಿಟ್ಟಿತು. ‘ನಿಧನರಾದ’ ಎಂಬುದು ಯಾರನ್ನು ಬಯಸುತ್ತದೆಂಬುದನ್ನಾಗಲಿ, ಮುಖ್ಯಮಂತ್ರಿಗಳ ಹೆಸರು ವಾಕ್ಯದ ತುದಿಯಲ್ಲಿರುವ ‘ಸಲ್ಲಿಸಿದರು’ ಎಂಬುದನ್ನು ಬಯಸಿ ಕಾದಿರುವುದನ್ನಾಗಲಿ ನೋಡಲಿಲ್ಲ. ಯೋಗ್ಯತೆಯ ಮಾತಂತೂ ದೂರವೇ ಉಳಿಯಿತು. ಬೆಂಕಿಯಿಂದ ಗಿಡವನ್ನು ನೆನೆಯಿಸು ಎಂಬುದು ಯೋಗ್ಯತೆಯಿಲ್ಲದ ವಾಕ್ಯಕ್ಕೆ ಪಾಠಶಾಲೆಗಳಲ್ಲಿ ಕೊಡುವ ಹಳೆಯ ಉದಾಹರಣೆ. ನಿನ್ನೆ ತೀರಿಹೋದವರು ಇಂದು ಬಂದು ಮತ್ತೊಬ್ಬರ ಪಾರ್ಥಿವ ಶರೀರಕ್ಕೆ ನಮನ ಸಲ್ಲಿಸಿದರೆಂಬುದನ್ನು ಇನ್ನು ಮೇಲೆ ಅದರ ಜೊತೆಗೆ ಸೇರಿಸಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ನಿಧನರಾದ’ ಎಂಬಲ್ಲಿ ಗೌರವಾರ್ಥದ ಬಹುವಚನವಿರುವುದರಿಂದ, ತೀರಿಕೊಂಡವರು ಹೆಂಗಸೋ ಗಂಡಸೋ ಎಂಬ ಸುಳಿವು ಆ ಪದದಿಂದ ದೊರೆಯುವುದಿಲ್ಲ. ಏಕವಚನದಲ್ಲಿದ್ದಿದ್ದರೆ ಲಿಂಗವೇ ದಾರಿ ತೋರಿಸುತ್ತಿತ್ತು. ಕನ್ನಡದ ಮರ್ಯಾದೆಯೇ ಯಂತ್ರಕ್ಕೆ ಒಂದು ಊರುಗೋಲನ್ನು ತಪ್ಪಿಸಿತೆನ್ನಬಹುದು. ಹಾಗೆಂದು ಮರ್ಯಾದೆಯನ್ನು ಬಿಡಬೇಕೆಂದು ಅರ್ಥವಲ್ಲ. ಆದರೆ ‘ನಿಧನರಾದರು’ ಎಂಬ ಪ್ರಯೋಗವು ತಾನೇ ಅಷ್ಟೇನೂ ಸಾಧುವಲ್ಲವೆಂಬುದನ್ನು ಈ ಸಂದರ್ಭದಲ್ಲಿ ಹೇಳದೆ ಇರಲಾಗದು. ‘ನಿಧನ’ವೆಂದರೆ ಸಾವು. ಮನುಷ್ಯನು ಸಾವನ್ನು ಹೊಂದುತ್ತಾನೆ, ಸಾವೇ ಆಗುವುದಿಲ್ಲ. ನಿಧನ ಹೊಂದಿದರು ಎಂಬ ನೆಟ್ಟಗಿನ ಮಾತಿರುವಾಗ ವೃತ್ತಪತ್ರಿಕೆಗಳು ಅವಸರದಲ್ಲಿ ಹುಟ್ಟಿಸಿದ ಈ ರೂಪವನ್ನು ಸರಕಾರದ ಕಾರ್ಯಾಲಯಗಳೂ ಹಿಡಿದುಕೊಂಡಿವೆ. ಹಾಗೆಯೇ, ಕರ್ತೃವನ್ನು ವಾಕ್ಯದ ತಲೆಯಲ್ಲಿಯೂ ಕ್ರಿಯೆಯನ್ನು ಬಾಲದಲ್ಲಿಯೂ ಇಟ್ಟು, ನಡುವೆ ಹತ್ತಾರು ವಿಶೇಷಣಗಳನ್ನು ತುರುಕುವ ಪ್ರಕಟಣೆಯ ಶೈಲಿಯೂ ಪ್ರಶಂಸಾರ್ಹವಲ್ಲ. ‘ನಿನ್ನೆ ನಿಧನ ಹೊಂದಿದ ಸರೋಜಾದೇವಿಯವರಿಗೆ ಮುಖ್ಯಮಂತ್ರಿಗಳು ಅಂತಿಮ ನಮನ ಸಲ್ಲಿಸಿದರು’ ಎಂದಿದ್ದರೆ ಕೇಳುವ ಕಿವಿಗೂ ಹಿತವಾಗುತ್ತಿತ್ತು, ಯಂತ್ರವೂ ಎಡವುವ ಸಂಭವ ಕಡಿಮೆಯಾಗುತ್ತಿತ್ತು. ಇದರಿಂದ ಯಂತ್ರದ ತಪ್ಪು ಕ್ಷಮ್ಯವಾಗುವುದಿಲ್ಲ. ಬರೆದ ವಾಕ್ಯವು ಅಂದವಾಗಿರಲಿಲ್ಲ, ಆದರೆ ಸರಿಯಾಗಿತ್ತು; ಭಾಷಾಂತರವು ಎರಡೂ ಆಗಿರಲಿಲ್ಲ.

ಈಗ ವಾದಗಳನ್ನು ನೋಡಬಹುದು. ಮೊದಲನೆಯದು, ಇದು ಕನ್ನಡಕ್ಕೆ ಮಾಡಿದ ಅವಮಾನವೆಂಬುದು. ಇದನ್ನು ಹೇಳುವವರು 2021ರ ಜೂನ್ ತಿಂಗಳ ಗೂಗಲ್ ಪ್ರಕರಣವನ್ನು ಜೊತೆಗೆ ಎತ್ತುತ್ತಾರೆ. ಭಾರತದಲ್ಲಿ ಅತಿ ಕುರೂಪವಾದ ಭಾಷೆ ಯಾವುದೆಂಬ ಕುಚೋದ್ಯದ ಪ್ರಶ್ನೆಗೆ ಆ ಕಂಪನಿಯ ಶೋಧಕವು ಕನ್ನಡವೆಂದು ಉತ್ತರ ತೋರಿಸಿ, ನಾಡೆಲ್ಲ ಸಿಟ್ಟಾಗಿ, ಕಂಪನಿಯು ಕ್ಷಮೆ ಕೇಳಬೇಕಾಗಿ ಬಂದಿತ್ತು. ಆದರೆ ಇವೆರಡನ್ನು ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಅಲ್ಲಿ ಯಾರೋ ಎಲ್ಲೋ ಬರೆದಿದ್ದುದನ್ನು ಯಂತ್ರವು ಎತ್ತಿ ಹಿಡಿಯಿತು. ಇಲ್ಲಿ ಯಾರೂ ಬರೆಯದಿದ್ದುದನ್ನು ತಾನೇ ರಚಿಸಿತು. ಅಲ್ಲಿ ಕೆಟ್ಟ ಮಾತಿಗೆ ಒಬ್ಬ ಮೂಲಪುರುಷನಿದ್ದನು, ಇಲ್ಲಿ ಇಲ್ಲ. ಅವಮಾನವೆಂಬುದಕ್ಕೆ ಅಭಿಪ್ರಾಯ ಬೇಕು, ಯಂತ್ರಕ್ಕೆ ಅಭಿಪ್ರಾಯವಿಲ್ಲ. ಹಾಗಾಗಿ ಈ ವಾದವು ಎಷ್ಟು ಬಿಸಿಯಾಗಿದೆಯೋ ಅಷ್ಟೇ ದುರ್ಬಲವಾಗಿದೆ.

ಎರಡನೆಯ ವಾದವು ತದ್ವಿರುದ್ಧವಾದುದು: ಇದೊಂದು ಸಣ್ಣ ಲೋಪ, ದತ್ತಾಂಶ ಹೆಚ್ಚಿದಂತೆ ತಾನೇ ಸರಿಹೋಗುವುದು ಎಂಬುದು. ಇದರಲ್ಲಿ ಸತ್ಯಾಂಶವಿದೆ. ಈ ಯಂತ್ರಗಳು ವ್ಯಾಕರಣಸೂತ್ರಗಳನ್ನು ಓದಿ ಕಲಿಯುವುದಿಲ್ಲ. ಒಂದು ಭಾಷೆಯ ವಾಕ್ಯ, ಅದರ ಮತ್ತೊಂದು ಭಾಷೆಯ ರೂಪ, ಹೀಗೆ ಜೋಡಿ ಜೋಡಿಯಾಗಿ ಲಕ್ಷಾಂತರ ವಾಕ್ಯಗಳನ್ನು ಕಂಡು ರೂಢಿಸಿಕೊಳ್ಳುತ್ತವೆ. ಮದರಾಸಿನ ಐ.ಐ.ಟಿ.ಯ ‘ಎಐ4ಭಾರತ್’ ಪಂಗಡದವರು 2021ರಲ್ಲಿ ಇಂಗ್ಲಿಷಿಗೂ 11 ಭಾರತೀಯ ಭಾಷೆಗಳಿಗೂ ನಡುವಣ ಇಂತಹ ಸುಮಾರು 5 ಕೋಟಿ ಜೋಡಿಗಳನ್ನು ‘ಸಮಾನಾಂತರ’ವೆಂಬ ಹೆಸರಿನಲ್ಲಿ ಕೂಡಿಹಾಕಿದಾಗ, ಅದರಲ್ಲಿ ಕನ್ನಡದ ಪಾಲು ಸುಮಾರು 40 ಲಕ್ಷ, ಹಿಂದಿಯದು ಅದರ ಎರಡರಷ್ಟಕ್ಕೂ ಮೀರಿದ್ದು. 2022ರಲ್ಲಿ ಮೆಟಾ ಕಂಪನಿಯವರೇ 200 ಭಾಷೆಗಳ ನಡುವೆ ಭಾಷಾಂತರಿಸುವ ಯಂತ್ರವೊಂದನ್ನು ಹೊರಗೆಡಹಿದರು; ಕನ್ನಡವೂ ಅದರಲ್ಲಿ ಸೇರಿದೆ. ಆದರೆ ಪಟ್ಟಿಯಲ್ಲಿ ಸೇರುವುದು ಬೇರೆ, ಪಂಕ್ತಿಯಲ್ಲಿ ಊಟ ದೊರೆಯುವುದು ಬೇರೆ. 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ಮಾತೃಭಾಷೆಯಾದ ಕನ್ನಡದಲ್ಲಿ ಕೃದಂತ ವಿಶೇಷಣವಿಲ್ಲದ ವೃತ್ತಪತ್ರಿಕೆಯ ಪುಟವೇ ಇರಲಾರದು. ಅದು ಅಪೂರ್ವವಾದ ಪ್ರಯೋಗವೇನಲ್ಲ, ನಿತ್ಯದ ಅನ್ನ. ಅನ್ನವನ್ನೇ ಜೀರ್ಣಿಸಿಕೊಳ್ಳಲಾರದ ಯಂತ್ರವನ್ನು ಸರಕಾರದ ಪ್ರಕಟಣೆಗಳ ಮೇಲೆ ಬಿಟ್ಟುದು ಸಣ್ಣ ಲೋಪವೆನ್ನಿಸಲಾರದು. ದತ್ತಾಂಶ ಬೆಳೆಯುವವರೆಗೆ ಓದುಗನು ಕಾದಿರಬೇಕೆಂಬುದೂ ನ್ಯಾಯವಲ್ಲ.

ಮೂರನೆಯವರು ಯಂತ್ರವನ್ನು ನಿಲ್ಲಿಸಬೇಕು, ಇಲ್ಲವೇ ಸ್ವದೇಶದ ಯಂತ್ರಗಳನ್ನೇ ಬಳಸಬೇಕು ಎಂದರು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯಿದೆ, 2025ರ ಏಪ್ರಿಲಿನಲ್ಲಿ ಭಾರತೀಯ ಭಾಷೆಗಳಿಗಾಗಿ ದೊಡ್ಡ ಯಂತ್ರವೊಂದನ್ನು ಕಟ್ಟಲು ಸರಕಾರವು ಆರಿಸಿದ ಸರ್ವಂ ಕಂಪನಿಯು ಬೆಂಗಳೂರಿನದೇ. ಇವು ಬೆಳೆಯಬೇಕಾದುದು ಯುಕ್ತವೇ. ಆದರೆ ಸ್ವದೇಶಿಯೆಂಬ ಮಾತ್ರಕ್ಕೆ ಅನ್ವಯವು ನೆಟ್ಟಗಾಗುವುದಿಲ್ಲ. ಇನ್ನು, ನಿಲ್ಲಿಸುವ ವಿಷಯ. ಬೇಗೂರು ಹೋಬಳಿಗೆ ಸೇರಿದ ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ಸುಮಾರು 330 ಎಕರೆ ನೆಲದಲ್ಲಿ ಕಿಯೋನಿಕ್ಸ್ ಎಂಬ ಸರಕಾರದ ಸಂಸ್ಥೆಯು ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿದಂದಿನಿಂದ, ಸುತ್ತಣ ಹಳ್ಳಿಗಳ ಮುಖವೇ ಬದಲಾಗಿದೆ. ನಾನಾ ಪ್ರಾಂತಗಳಿಂದ ಕೆಲಸಕ್ಕಾಗಿ ಬಂದು ಬೇಗೂರಿನ ಎತ್ತರದ ವಸತಿಗೃಹಗಳಲ್ಲಿಯೂ ಕಾರ್ಮಿಕರ ಸಾಲುಕೋಣೆಗಳಲ್ಲಿಯೂ ನೆಲೆಸಿದವರಲ್ಲಿ ಕನ್ನಡ ಓದಲಾರದವರು ಬಹುಮಂದಿ. ಕರೆಂಟು ನಿಲ್ಲುವ ಹೊತ್ತು, ಕಂದಾಯದ ಗಡುವು, ಮಳೆಗಾಗಿ ಶಾಲೆಗೆ ಕೊಟ್ಟ ರಜ, ಇವುಗಳನ್ನು ಕನ್ನಡದಲ್ಲಿ ಸಾರಿದಾಗ ಅವರು ಮೊಬೈಲಿನ ಯಂತ್ರವು ತಿರುಗಿಸಿಕೊಟ್ಟುದನ್ನು ನೆಚ್ಚುತ್ತಾರೆ. ಅವರು ಕನ್ನಡ ಕಲಿಯಬೇಕೆಂಬುದು ನಿಜ. ಕಲಿಯುವ ತನಕ ಅವರಿಗೆ ಸುದ್ದಿ ತಲುಪಬಾರದೆನ್ನುವುದು ಕ್ರೌರ್ಯ. ಅಲ್ಲದೆ, ಸರಕಾರವು ತನ್ನ ಪ್ರಕಟಣೆಯನ್ನು ಧೈರ್ಯವಾಗಿ ಕನ್ನಡದಲ್ಲಿಯೇ ಹೊರಡಿಸುವುದಕ್ಕೂ ಈ ಭಾಷಾಂತರವು ಒಂದು ಬೆಂಬಲವಾಗಬಲ್ಲುದು. ಯಂತ್ರವಿಲ್ಲದಿದ್ದರೆ ಎಲ್ಲರಿಗೂ ತಿಳಿಯಲೆಂಬ ನೆಪದಲ್ಲಿ ಕಾರ್ಯಾಲಯಗಳು ಇಂಗ್ಲಿಷಿಗೆ ಮರಳುವ ಭಯವಿದೆ. ನಿಲ್ಲಿಸಿರೆಂದು ಕೂಗಿದವರು ಈ ಬದಿಯನ್ನು ಯೋಚಿಸಿದಂತಿಲ್ಲ.

ಹಾಗಾದರೆ ನಿಜವಾದ ದೋಷವು ಯಾವುದು? ಯಂತ್ರವು ತಪ್ಪಿತೆಂಬುದಕ್ಕಿಂತ, ಆ ತಪ್ಪು ಯಾರ ಬಾಯಿಂದ ಹೊರಟಂತೆ ಕಂಡಿತೆಂಬುದು. ಮುಖ್ಯಮಂತ್ರಿಗಳ ಕಾರ್ಯಾಲಯದ ಹೆಸರಿನ ಕೆಳಗೆ, ಕಾರ್ಯಾಲಯವೇ ಹೇಳಿದಂತೆ, ಮೆಟಾ ಕಂಪನಿಯು ರಚಿಸಿದ ವಾಕ್ಯವು ನಿಂತಿತು. ಶಬ್ದವು ಪ್ರಮಾಣವಾಗುವುದು ಅದನ್ನು ಆಡಿದವನು ಆಪ್ತನಾದರೆ ಎಂದು ನ್ಯಾಯಶಾಸ್ತ್ರದ ನಿಲುವು. ಓದುಗನು ಆ ವಾರ್ತೆಯನ್ನು ಕ್ಷಣಮಾತ್ರವಾದರೂ ನಂಬಿದ್ದರೆ, ನಂಬಿದ್ದು ಯಂತ್ರವನ್ನಲ್ಲ, ಕಾರ್ಯಾಲಯವನ್ನು. ಒಬ್ಬರ ಆಪ್ತತ್ವವನ್ನು ಇನ್ನೊಬ್ಬರು ಕಡ ತೆಗೆದುಕೊಂಡು, ಹಾಳು ಮಾಡಿ ಹಿಂದಿರುಗಿಸಿದಂತಾಯಿತು. ಹಿಂದೆ ಬಸಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದಾಗ, ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ತಂದಾಗ, ಭಾಷಾಂತರಕಾರರ ಹೆಸರು ಪುಸ್ತಕದ ಮೇಲಿದ್ದಿತು. ಮೆಚ್ಚಿದವನು ಅವರನ್ನು ಮೆಚ್ಚಿದನು, ಒಪ್ಪದವನು ಅವರೊಡನೆ ವಾದಿಸಿದನು. ಕಾಳಿದಾಸನ ತಲೆಗೆ ಯಾರೂ ದೋಷ ಕಟ್ಟಲಿಲ್ಲ.

ಇದು ಕೇವಲ ಸಾಹಿತ್ಯದ ಶಿಷ್ಟಾಚಾರದ ಮಾತಲ್ಲ. ಕಾನೂನಿಗೂ ತಾಗುವ ವಿಷಯ. ಇತರರ ಮಾತುಗಳನ್ನು ಸಾಗಿಸುವ ಕಂಪನಿಗಳು ಆ ಮಾತುಗಳಿಗೆ ಹೊಣೆಯಾಗವೆಂದು ಮಾಹಿತಿ ತಂತ್ರಜ್ಞಾನದ 2000ದ ಅಧಿನಿಯಮದ 79ನೆಯ ಪ್ರಕರಣವು ರಕ್ಷಣೆ ಕೊಟ್ಟಿದೆ. ಆ ರಕ್ಷಣೆಗೆ ಸಂಬಂಧಿಸಿದ ನಿಬಂಧನೆಗಳಲ್ಲಿ, ಸಾಗಿಸುವ ಮಾಹಿತಿಯನ್ನು ಮಧ್ಯವರ್ತಿಯು ತಾನು ಆರಿಸಿರಬಾರದು, ಮಾರ್ಪಡಿಸಿರಬಾರದು ಎಂಬುದೂ ಒಂದು. ಟಪಾಲಿನವನು ಕಾಗದವನ್ನು ತಂದು ಕೊಡುತ್ತಾನೆ; ಒಳಗಿನ ಸುದ್ದಿಗೆ ಅವನು ಜವಾಬುದಾರನಲ್ಲ. ಆದರೆ ಅವನೇ ಲಕೋಟೆಯನ್ನು ಒಡೆದು, ಕಾಗದವನ್ನು ಬೇರೆ ಭಾಷೆಯಲ್ಲಿ ತಿದ್ದಿ ಬರೆದು, ಕಳುಹಿಸಿದವನ ರುಜುವಿನ ಮೇಲೆ ಅಂಟಿಸಿ ಕೊಟ್ಟರೆ ಆಗಲೂ ಅವನನ್ನು ಟಪಾಲಿನವನೆಂದೇ ಕರೆಯಬೇಕೆ? ಯಾರೂ ಕೇಳದೆ ಇದ್ದರೂ ತಾನಾಗಿ ಭಾಷಾಂತರಿಸಿ ತೋರಿಸುವ ಕಂಪನಿಯು ಮಾರ್ಪಡಿಸಿದಂತಾಯಿತೋ ಇಲ್ಲವೋ ಎಂಬುದು ನ್ಯಾಯವಾದಿಗಳು ಮನಸ್ಸಿಟ್ಟು ನೋಡತಕ್ಕ ಪ್ರಶ್ನೆ. ರಾಜಕೀಯದವರು ಇದನ್ನು ಕೇಳಿದ್ದರೆ ಅವರ ಕೋಪಕ್ಕೆ ಕಾಲುಗಳು ಬರುತ್ತಿದ್ದವು.

ಉಪಾಯವು ಹೊಸದಾಗಿ ಕಂಡುಹಿಡಿಯಬೇಕಾದುದೇನೂ ಅಲ್ಲ. ಬೇಗೂರಿನ ಕಲ್ಲುಗಳನ್ನು ಓದಿದವರೇ ಅದನ್ನು ನಡೆಸಿ ತೋರಿಸಿರುವರು. ಬಿ. ಎಲ್. ರೈಸರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವಾಗಿ ಹೊರತಂದಾಗ, ಇಂಗ್ಲಿಷ್ ಭಾಷಾಂತರವನ್ನು ಒಂದು ಭಾಗದಲ್ಲಿಯೂ, ರೋಮನ್ ಲಿಪಿಯ ಪಾಠವನ್ನು ಇನ್ನೊಂದರಲ್ಲಿಯೂ, ಕನ್ನಡ ಲಿಪಿಯ ಮೂಲವನ್ನು ಮತ್ತೊಂದರಲ್ಲಿಯೂ ಬೇರೆ ಬೇರೆಯಾಗಿ ಇಟ್ಟರು. ಹಳಗನ್ನಡದ ತೊಡಕಾದ ಪದಗಳಲ್ಲಿ ರೈಸರು ತಪ್ಪಿದ ಸ್ಥಳಗಳೂ ಇರುವುವು. ಆದರೆ ತಪ್ಪು ಮುಚ್ಚಿಹೋಗಲಿಲ್ಲ. ಮೂಲವು ಕಣ್ಣ ಮುಂದೆಯೇ ಇದ್ದುದರಿಂದ ಮುಂದೆ ಬಂದ ಆರ್. ನರಸಿಂಹಾಚಾರ್ಯರಂಥವರು ತಿದ್ದುವುದಕ್ಕೂ ಕೂಡಿಸುವುದಕ್ಕೂ ಅವಕಾಶವಾಯಿತು. ಈಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು ಗಣಕಯಂತ್ರದ ನೆರವಿನಿಂದ ಮೂರು ಆಯಾಮಗಳಲ್ಲಿ ಚಿತ್ರಿಸಿಡುವ ಕಾರ್ಯವನ್ನು ಕೈಗೊಂಡಿರುವರು. ಅಲ್ಲಿಯೂ ಯಂತ್ರವಿದೆ. ಆದರೆ ಆ ಯಂತ್ರವು ಮೂಲವನ್ನು ಇನ್ನಷ್ಟು ಸ್ಪಷ್ಟವಾಗಿ ಕಾಣಿಸುತ್ತದೆ, ಮೂಲದ ಜಾಗದಲ್ಲಿ ತಾನು ಕುಳಿತುಕೊಳ್ಳುವುದಿಲ್ಲ. ಫೇಸ್‌ಬುಕ್ಕಿನಂತಹ ಸ್ಥಳಗಳಲ್ಲಿ ಮೂಲದ ಕನ್ನಡವೇ ಮೊದಲು ಕಾಣುವಂತೆಯೂ, ಓದುಗನು ಬಯಸಿದರೆ ಮಾತ್ರ ಭಾಷಾಂತರವು ಅದರ ಕೆಳಗೆ, ಯಂತ್ರದ್ದೆಂಬ ಗುರುತಿನೊಡನೆ ಬರುವಂತೆಯೂ ಏರ್ಪಡಿಸುವುದು ದುಸ್ಸಾಧ್ಯವಲ್ಲ. ಮರಣ, ಅಪಘಾತ, ಆಜ್ಞೆ, ಗಡುವು ಮೊದಲಾದ ಸಂಗತಿಗಳಲ್ಲಿ, ಅದರಲ್ಲಿಯೂ ಸರಕಾರದ ಪ್ರಕಟಣೆಗಳಲ್ಲಿ, ಮನುಷ್ಯನೊಬ್ಬನ ಕಣ್ಣಿಗೆ ಬೀಳದೆ ಅದು ಹೊರಡಬಾರದು.

ಕನ್ನಡಿಗರ ಕಡೆಯ ಬಾಕಿಯೂ ಇದೆ. ಗಣಕದಲ್ಲಿ ಕನ್ನಡದ ಅಕ್ಷರವನ್ನು ಮೂಡಿಸುವುದಕ್ಕೆ ಕೆ. ಪಿ. ರಾಯರ ಕೀಲಿಮಣೆ, 1991ರ ಯೂನಿಕೋಡ್, 1998ರ ಬರಹ, ಅದರ ಹಿಂದೆಯೇ ಬಂದ ನುಡಿ, ಇವುಗಳ ಸುತ್ತ ಎಷ್ಟೊಂದು ಚರ್ಚೆ, ಜಗಳ, ಪರಿಶ್ರಮ ನಡೆಯಿತು. 2011ರಿಂದ ಗೂಗಲ್ಲಿನ ಭಾಷಾಂತರದಲ್ಲಿಯೂ ಕನ್ನಡವಿದೆ. ಅಕ್ಷರಕ್ಕಾಗಿ ತೋರಿದ ಆಸ್ಥೆಯನ್ನು ವಾಕ್ಯಕ್ಕಾಗಿ ಯಾವ ಪರಿಷತ್ತೂ ತೋರಿಲ್ಲ. ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳ ನಿಘಂಟನ್ನು ಕೊಟ್ಟಿತು. ಅದು ಪದಗಳ ಭಂಡಾರ. ಯಂತ್ರವು ಎಡವಿದ್ದು ಪದದಲ್ಲಿ ಅಲ್ಲ. ‘ನಿಧನ’ವೆಂದರೆ ಏನೆಂಬುದು ಅದಕ್ಕೆ ಗೊತ್ತಿತ್ತು. ಕನ್ನಡದ ವ್ಯಾಕರಣ ಬಲ್ಲ ಉಪಾಧ್ಯಾಯರು ಹತ್ತು ಮಂದಿ ಸೇರಿ, ಹುಡುಗನೂ ಹಸುವೂ ಇರುವಂತಹ ತಿರುವಿನ ವಾಕ್ಯಗಳನ್ನು ಸಾವಿರದಷ್ಟು ಆರಿಸಿ, ಅನ್ವಯವನ್ನೂ ಸರಿಯಾದ ಇಂಗ್ಲಿಷನ್ನೂ ಬರೆದಿಟ್ಟರೆ, ಯಾವ ಕಂಪನಿಯ ಯಂತ್ರವನ್ನಾದರೂ ಅದರ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಬಹುದು. ಇದಕ್ಕೆ ಬೇಕಾದುದು ಕೋಟಿ ರೂಪಾಯಿಗಳಲ್ಲ, ಒಂದು ಬೇಸಗೆಯ ರಜ.

ಮುಖ್ಯಮಂತ್ರಿಗಳ ಕಾರ್ಯಾಲಯದ ಪತ್ರದಲ್ಲಿ ಭಾಷಾತಜ್ಞರ ನೆರವನ್ನು ಪಡೆಯಬೇಕೆಂದಿದ್ದ ಮಾತೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಗದ್ದಲದಲ್ಲಿ ಎಲ್ಲರೂ ಮರೆತದ್ದೂ ಅದನ್ನೇ. ಆ ತಜ್ಞರನ್ನು ಆರಿಸುವವರು ಯಾರು, ಅವರ ಕೆಲಸಕ್ಕೆ ಸಂಭಾವನೆ ಕೊಡುವವರು ಯಾರು, ಅವರು ತಿದ್ದಿಕೊಟ್ಟ ವಾಕ್ಯಗಳು ಒಂದು ಕಂಪನಿಯ ಪೆಟ್ಟಿಗೆಯನ್ನು ಸೇರುವುವೋ ಅಥವಾ ಬೇಗೂರಿನ ಸರಕಾರಿ ಶಾಲೆಯ ಹುಡುಗನಿಗೂ ತೆರೆದಿರುವುವೋ ಎಂಬುದನ್ನು, ಕ್ಷಮೆ ಕೇಳಿದವರನ್ನೂ ಕ್ಷಮೆ ಪಡೆದವರನ್ನೂ ಕೇಳಬೇಕಾಗಿದೆ.